ಭಾನುವಾರ ತೆಗೆದ ಫೋಟೊಗಳು

ಆಪ್ತಸಲಹೆಗೆ ಅಂತ ಇಂಥವರು ನನ್ನ ಹತ್ತಿರ ಪದೇ ಪದೇ ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಅಡಿಕೆ ಮಂಡಿಗೆ ಹೊಸ ಸಾಫ್ಟ್‌ವೇರ್ ತಂದವನು, ಸೊಸೈಟಿಯಲ್ಲಿ ಲೆಡ್ಜರ್ ಬರೆಯುವುದನ್ನು ಬಿಡಿಸಲು ಹೊರಟವಳು. ಕೆಲಸ ಚೆನ್ನಾಗಿಯೇ ಗೊತ್ತಿರುತ್ತದೆ, ಜೊತೆಯವರು ಮಾತ್ರ ಮುಖ ತಿರುಗಿಸಿರುತ್ತಾರೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಅಂಥವರಲ್ಲೊಬ್ಬ 26ರ ಇಂಜಿನಿಯರ್, ಶಿವಮೊಗ್ಗದ ಹೊರಗಿನ ಒಂದು ಫೌಂಡ್ರಿಯಲ್ಲಿದ್ದ, ಅಂದರೆ ಲೋಹ ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯುವ ಕಾರ್ಖಾನೆ. ನಿದ್ದೆ ಬರಲ್ಲ, ಕೆಲಸ ಬಿಡ್ತೀನಿ ಅಂತ ಬಂದ. ಫೈವ್ ಎಸ್ ಜಾರಿಗೆ ತರುವ ಜವಾಬ್ದಾರಿ ಅವನದು. ಜಪಾನಿನ ಕಾರ್ಖಾನೆಗಳಿಂದ ಬಂದ ಪದ್ಧತಿ. ಬೇಡದ್ದು ತೆಗೆ, ಬೇಕಾದ್ದಕ್ಕೆ ಜಾಗ ಮಾಡು, ಗುಡಿಸು, ಅದನ್ನೇ ನಿಯಮ ಮಾಡು, ಯಾರೂ ಹೇಳದೆ ಪಾಲಿಸು. ಬೇಕೋ ಬೇಡವೋ ಅನ್ನುವ ಸಾಮಾನಿಗೆ ಕೆಂಪು ಚೀಟಿ ಕಟ್ಟಿ ಪಕ್ಕಕ್ಕಿಡುತ್ತಾರೆ.

ಎರಡನೇ ಸಲ ಬಂದಾಗ ಮೊಬೈಲ್ ತೆಗೆದು ‘ಮೊದಲು’, ‘ಆಮೇಲೆ’ ಅಂತ ಫೋಟೊ ತೋರಿಸುತ್ತಾ ಹೋದ. ಹಳದಿ ಗೆರೆ, ಗೋಡೆಯ ಬೋರ್ಡಿಗೆ ಸಾಲಾಗಿ ತೂಗುಹಾಕಿದ ಸಾಮಾನು, ಗುಡಿಸಿದ ನೆಲ. ನಿಜಕ್ಕೂ ಚೆನ್ನಾಗಿತ್ತು. ಒಂದರಲ್ಲಿ ಮರಳಚ್ಚಿನ ಮೂಲೆ ನಯ ಮಾಡುವ ಕರಣೆ, ತಗಡು ಅರ್ಧ ಸವೆದಿದೆ, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದೆ, ಮೇಲೊಂದು ಕೆಂಪು ಚೀಟಿ. ಮೇಸ್ತ್ರಿಯದಂತೆ. ಸೋಮವಾರ ಬಂದು ಅದನ್ನು ನೋಡಿದವರು ಮಾತಾಡದೆ ಮನೆಗೆ ಹೋದರಂತೆ.

‘ಇಷ್ಟು ಫೋಟೊದಲ್ಲಿ ಒಬ್ಬರೂ ಇಲ್ವಲ್ಲ?’ ಅಂತ ಸುಮ್ನೆ ಕೇಳಿದೆ.

‘ಭಾನುವಾರ ಮಾಡಿದ್ದು ಮೇಡಂ. ಅವರಿದ್ರೆ ಒಂದೊಂದಕ್ಕೂ ತಕರಾರು ತೆಗೀತಾರೆ.’

ಹೇಳಿ ಮೊಬೈಲ್ ಮಗುಚಿಟ್ಟ. ಹೊರಗೆ ಮಳೆ ಜೋರಾಗಿತ್ತು, ನಾನೂ ಏನೂ ಹೇಳಲು ಹೋಗಲಿಲ್ಲ.

ಆಮೇಲೆ ಹೇಳಿದೆ: ‘ಚೀಟಿ ನೀವೇ ಬಿಚ್ಚಿ, ಕರಣೆ ಅವರ ಕೈಗೆ ಕೊಡಿ. ಇದು ಎಲ್ಲಿರಬೇಕು ಮೇಸ್ತ್ರಿ ಅಂತ ಕೇಳಿ. ಉತ್ತರ ಬರೋವರೆಗೂ ಸುಮ್ನಿರಿ. ಮೀಟಿಂಗ್ ಕರೆದು ಭಾಷಣ ಬೇಡ.’

‘ನಾನು ತಲೆ ಬಗ್ಗಿಸಬೇಕಾ?’ ಅಂತ ರೇಗಿದ.

ಗೆಳತಿಯೊಬ್ಬಳು ಇದೆಂಥಾ ಆಪ್ತಸಲಹೆ, ಫ್ಯಾಕ್ಟರಿ ಪಾಠದ ಹಾಗಿದೆ ಅಂದಳು. ಉಸಿರಾಟದ ಅಭ್ಯಾಸವನ್ನೂ ಹೇಳಿಕೊಟ್ಟಿದ್ದೆ, ಇಲ್ಲ ಅನ್ನಲ್ಲ. ಆದರೆ ದಿನಾ ಎಂಟು ಗಂಟೆ ಯಾರೂ ಮಾತಾಡಿಸದ ಜಾಗದಲ್ಲಿದ್ದು ಬಂದವನಿಗೆ ರಾತ್ರಿ ಉಸಿರು ಎಣಿಸು ಅಂದರೆ ಎಷ್ಟು ದಿನ ನಡೆದೀತು? ಇನ್ನೊಂದು, ಈ ಪದ್ಧತಿಯ ಮೊದಲ ಹೆಜ್ಜೆಯೇ ಬೇಕು ಬೇಡ ಆರಿಸುವುದು, ಅದನ್ನು ಸಾಮಾನು ಬಳಸುವವರನ್ನು ಬಿಟ್ಟು ಮಾಡಿದರೆ ಐದನೆಯದು, ಅಂದರೆ ಹೇಳದೆ ಪಾಲಿಸುವುದು, ಎಲ್ಲಿಂದ ಬರಬೇಕು? ಕೇಳಿಸಿಕೊಳ್ಳುವುದನ್ನು ಸಾಫ್ಟ್ ಸ್ಕಿಲ್ ಅಂತ ಬೇರೆ ತರಬೇತಿ ಮಾಡಿ ಇಡುವುದೇ ನನಗೆ ಸರಿ ಕಾಣುವುದಿಲ್ಲ. ಅದೂ ಆ ಕೆಲಸದ ಭಾಗವೇ ಅಲ್ವಾ? ಮೇಸ್ತ್ರಿ ಹೇಳಿದ್ದೆಲ್ಲ ಸರಿ ಅಂತಲ್ಲ, ಅವರೂ ಹಟಮಾರಿಯೇ ಇರಬಹುದು.

ಕರಣೆ ಕೊಟ್ಟನಂತೆ. ಎರಡು ದಿನ ಮೇಸ್ತ್ರಿ ತುಟಿ ಬಿಚ್ಚಲಿಲ್ಲ. ಮೂರನೇ ದಿನ, ‘ಬೋರ್ಡ್ ಈ ಗೋಡೆಗೆ ಹೊಡೆದಿದ್ಯಲ್ಲ, ನಮ್ಮಲ್ಲಿ ಇಬ್ರು ಎಡಚರು, ಕೈಗೆ ಸಿಗುತ್ತಾ?’ ಅಂದರಂತೆ.

ನಾಲ್ಕನೇ ಸೆಷನ್‌ಗೆ ಅವನು ಬರಲಿಲ್ಲ. ‘ಇವತ್ತು ಬೋರ್ಡ್ ಕಿತ್ತು ಬೇರೆ ಕಡೆ ಹಾಕ್ತಿದ್ದೀವಿ ಮೇಡಂ, ಮುಂದಿನ ವಾರ ಬರ್ತೀನಿ’ ಅಂತ ಮೆಸೇಜ್. ನಿದ್ದೆಯ ಸುದ್ದಿ ಬರೆದಿರಲಿಲ್ಲ.