ಹೊಳೆಬದಿ ಚರಳು, ಬಾವಿ ನೀರು

ಉಡುಪಿ ಹತ್ತಿರದ ಬಜೆಯಿಂದ ಮೇಲೆ ಸ್ವರ್ಣಾ ಹೊಳೆ ಬದಿ ಚರಳು ತೆಗೆಯುವ ಪ್ರಸ್ತಾಪ ಬಂದಿದೆ, ಬಾವಿ ಬತ್ತಬಹುದಾ ಅಂತ ಕೇಳಿದ್ದೀರಿ. ಬತ್ತಬಹುದು ಮಾರಾಯ್ರೆ. ಹೊಳೆಯ ತಳ ಇಳಿದರೆ ಬೇಸಿಗೆಯಲ್ಲಿ ಬದಿಯ ಬಾವಿಗಳ ನೀರೂ ಅದರ ಹಿಂದೆಯೇ ಇಳಿಯುತ್ತದೆ. ಬಜೆ ಅಣೆಕಟ್ಟಿಗೆ ಕೆಸರು ಬಂದರೆ ಉಡುಪಿ ಪೇಟೆಯವರಿಗೂ ತೊಂದರೆಯೇ, ಅವರು ಕುಡಿಯುವುದು ಅದೇ ನೀರು. ಲಾರಿ, ಧೂಳು ಆಮೇಲಿನ ಮಾತು. 2018ರಲ್ಲಿ ಫಲ್ಗುಣಿ ಹೊಳೆಯ ಮೂಲರಪಟ್ಣ ಸೇತುವೆ ಕುಸಿದಾಗ ಊರವರು ಬೊಟ್ಟು ಮಾಡಿದ್ದು ಮರಳುಗಾರಿಕೆಯತ್ತಲೇ.

ಮೊದಲು, ಏಪ್ರಿಲ್–ಮೇಯಲ್ಲಿ ಬಾವಿಗೆ ಹಗ್ಗ ಇಳಿಸಿ, ನೀರು ಮುಟ್ಟಿದಲ್ಲಿ ಗಂಟು ಹಾಕಿ, ಅಳೆದು ತಾರೀಕು ಸಮೇತ ಬರೆದಿಡಿ. ಇಲ್ಲದಿದ್ದರೆ ನಾಳೆ "ನಿಮ್ಮ ಬಾವಿ ಮೊದಲೇ ಬತ್ತುತ್ತಿತ್ತು" ಅಂತಾರೆ. ಸಾರ್ವಜನಿಕ ಆಲಿಕೆ ಇದ್ದರೆ ಕೇಂದ್ರದ 2006ರ ಪರಿಸರ ಪರಿಣಾಮ (ಇಐಎ) ಅಧಿಸೂಚನೆಯಂತೆ ಆಕ್ಷೇಪಕ್ಕೆ ಕನಿಷ್ಠ 30 ದಿನ ಕೊಡಬೇಕು. ಬರಹದಲ್ಲೇ ಕೊಡಿ, ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.