ಮಾಯದ ಹಚ್ಚೆ, ಮಾಯೋ ಗಾಯ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಕಳೆದ ಸಂಚಿಕೇಲಿ ಮಾಯದ ಹಚ್ಚೆಗಳ ಮೇಲೆ ಬಂದಿರೋ ಒಂದು ಅರ್ಬನ್ ಫ್ಯಾಂಟಸಿ (ಇವತ್ತಿನ ನಗರದಲ್ಲಿ ಮಾಯ ಮಂತ್ರ ನಡೆಯೋ ಕಥೆ) ಕಾದಂಬರಿ ಬಗ್ಗೆ ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ, ಕೆಲವರು ಪುಸ್ತಕಾನ ತಲೆ ಮೇಲೆ ಹೊತ್ಕೊಂಡಿದೀರಿ, ಕೆಲವರು ಅದನ್ನ ಓದಿ ಅಂದ ನನ್ನ ಮೇಲೇ ಸಿಟ್ಟಾಗಿದೀರಿ, ಎರಡೂ ಖುಷಿನೇ. ಓದದೇ ಇರೋರಿಗೆ ಕಥೆ ಇಷ್ಟು: ದೊಡ್ಡ ನಗರದಲ್ಲಿ ಒಂದು ಫ್ಲೈಓವರ್ ಕೆಳಗೆ ರಾತ್ರಿ ಮಾತ್ರ ಬಾಗಿಲು ತೆಗೆಯೋ ಟ್ಯಾಟೂ ಅಂಗಡಿ, ಅದನ್ನ ನಡೆಸೋ ಹುಡುಗಿ ಹಾಕಿದ ಹಚ್ಚೆಗೆ ಶಕ್ತಿ ಬರುತ್ತೆ, ಅಂಗೈಲಿ ಕೀಲಿ ಹಾಕಿಸ್ಕೊಂಡ್ರೆ ಎಂಥ ಬೀಗಾನೂ ತೆಗೀಬಹುದು, ಆದ್ರೆ ಬಳಸಿದ ಹಾಗೆಲ್ಲ ಗೆರೆ ಮಾಸುತ್ತೆ, ತಿದ್ದಿಸ್ಕೊಳ್ಳೋಕೆ ಬಂದ ಪ್ರತಿ ಸಲ ಹಾಕಿಸ್ಕೊಂಡೋರ ಒಂದೊಂದು ನೆನಪು ಹೋಗ್ತಾ ಹೋಗುತ್ತೆ. ಕೊನೆ ಅಧ್ಯಾಯದ ವಿಷ್ಯಾನೂ ಕೆಳಗೆ ಬರುತ್ತೆ, ಇನ್ನೂ ಓದ್ತಾ ಇರೋರು ಅದನ್ನ ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಿ.

ಪ್ರಶ್ನೆ: ಇಂಕು ಒಂದ್ಸಲ ಚರ್ಮದೊಳಗೆ ಹೋದ್ಮೇಲೆ ಸಾಯೋವರೆಗೂ ಇರುತ್ತೆ ತಾನೆ? ಬಳಸಿದ್ರೆ ಮಾಸುತ್ತೆ ಅನ್ನೋದು ಯಾವ ಲಾಜಿಕ್ಕು?

ನನಗೆ ಇಡೀ ಪುಸ್ತಕದಲ್ಲಿ ಅತಿ ಇಷ್ಟವಾಗಿದ್ದೇ ಈ ಲಾಜಿಕ್ಕು. ಹಚ್ಚೆ ಅಂದ್ರೆ ಬಟ್ಟೆಗೆ ಬಣ್ಣ ಹಾಕಿದ ಹಾಗಲ್ಲ. ಸೂಜಿ ಸುಮಾರು ಒಂದೆರಡು ಮಿಲಿಮೀಟರ್ ಒಳಗೆ ಹೋಗಿ, ದಿನಾ ಉದುರಿ ಹೋಗೋ ಮೇಲ್ಪದರ ದಾಟಿ ಕೆಳಗಿನ ಪದರದಲ್ಲಿ ಇಂಕು ಬಿಡುತ್ತೆ. ದೇಹಕ್ಕೆ ಅದು ಹೊರಗಿಂದ ನುಗ್ಗಿದ ಕಸ, ಹಾಗಾಗಿ ಮ್ಯಾಕ್ರೊಫೇಜ್ ಅನ್ನೋ ಕಾವಲು ಕೋಶಗಳು ಬಂದು ಆ ಕಣಗಳನ್ನ ನುಂಗ್ತವೆ, ನುಂಗ್ತವೆ ಆದ್ರೆ ಅರಗಿಸ್ಕೊಳ್ಳೋಕೆ ಆಗಲ್ಲ, ಬಾಯಲ್ಲಿಟ್ಕೊಂಡು ಅಲ್ಲೇ ಕೂತ್ಬಿಡ್ತವೆ. 2018ರಲ್ಲಿ ಫ್ರಾನ್ಸ್‌ನ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಏನಂದ್ರೆ, ಆ ಕೋಶ ಸತ್ತಾಗ ಇಂಕು ಹೊರಗೆ ಬೀಳುತ್ತೆ, ಪಕ್ಕದಲ್ಲಿ ಹೊಸದಾಗಿ ಬಂದ ಕೋಶ ತಕ್ಷಣ ಅದನ್ನ ನುಂಗುತ್ತೆ, ಅದು ಸತ್ರೆ ಇನ್ನೊಂದು. ಅಂದ್ರೆ ನಮ್ಮ ಕಣ್ಣಿಗೆ ಅಲ್ಲಾಡದೇ ಇರೋ ಹಚ್ಚೆ ಒಳಗಡೆ ಕೈಯಿಂದ ಕೈಗೆ ದಾಟ್ತಾನೇ ಇರುತ್ತೆ! ಹೀಗಿರೋವಾಗ ಪ್ರತಿ ಸಲ ದಾಟೋವಾಗ ಏನೋ ಸ್ವಲ್ಪ ಕಳೆದು ಹೋಗುತ್ತೆ ಅಂತ ಒಬ್ಬ ಲೇಖಕಿಗೆ ಅನ್ಸಿದ್ರೆ ಅದು ತಪ್ಪಾ? ನಿಜವಾದ ಹಚ್ಚೆಗಳೂ ವರ್ಷ ಕಳೆದ ಹಾಗೆ ಅಂಚು ಹರಡಿ ಮಂಕಾಗ್ತವೆ. ಅವರು ಇದ್ದದ್ದನ್ನೇ ಹಿಗ್ಗಿಸಿದಾರೆ.

ಪ್ರಶ್ನೆ: ನೋವಿನ ವರ್ಣನೆ ವಿಪರೀತ ಆಯ್ತು. ಒಂದು ಕೀಲಿ ಹಾಕೋಕೆ ಹತ್ತು ಪುಟ ಬೇಕಿತ್ತಾ?

ಬೇಕಿತ್ತು. ನನ್ನ ಮಣಿಕಟ್ಟಿನ ಒಳಗಡೆ ಒಂದು ಚಿಕ್ಕ ಎಲೆ ಇದೆ, ಅದನ್ನ ಹಾಕಿಸ್ಕೊಂಡ ದಿನ ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದ್ಲು ಕೂದಲು ಬೋಳಿಸಿ, ಸ್ಟೆನ್ಸಿಲ್ ಒತ್ತಿ ತೆಗೆದಾಗ ನೇರಳೆ ಬಣ್ಣದ ಎಲೆ ಮೂಡಿತ್ತು, ಆಮೇಲೆ ಆ ಮೆಷಿನ್ನಿನ ಗುಂಯ್ ಅನ್ನೋ ಸದ್ದು, ಅದು ಕಿವಿಗಿಂತ ಮೊದ್ಲು ಮೂಳೆಗೆ ಕೇಳ್ಸುತ್ತೆ. ಒಂದು ಗೆರೆ ಎಳೆದು ಟಿಶ್ಯೂನಲ್ಲಿ ಒರೆಸೋರು, ಟಿಶ್ಯೂ ಮೇಲೆ ಕಪ್ಪು ಇಂಕಿನ ಜೊತೆ ಸಾಸಿವೆ ಕಾಳಿನಷ್ಟು ಕೆಂಪು, ಮತ್ತೆ ಗೆರೆ, ಮತ್ತೆ ಒರೆಸೋದು. ನಾಲ್ಕೈದು ದಿನಕ್ಕೆ ಕಪ್ಪು ಹೊಪ್ಪಳೆ ಏಳೋಕೆ ಶುರುವಾಗಿ ಎಲೆನೇ ಉದುರಿ ಹೋಗ್ತಿದೆ ಅಂತ ಗಾಬರಿಯಾಗಿತ್ತು, ಕೆರ್ಕೊಳ್ಳಬಾರ್ದು ಅಂತ ರಾತ್ರಿ ಕೈಗೆ ಬಟ್ಟೆ ಸುತ್ಕೊಂಡು ಮಲಗ್ತಿದ್ದೆ. ಹಚ್ಚೆ ಅಂದ್ರೆ ಮೊದ್ಲು ಗಾಯ, ಆಮೇಲೆ ಚಿತ್ರ. ನಮ್ಮ ಭಾಷೇಲಿ ಗಾಯ ಮಾಯೋದಕ್ಕೂ ಮಾಯಕ್ಕೂ ಸದ್ದು ಒಂದೇ ಅನ್ನೋದು ನನಗೆ ಈ ಪುಸ್ತಕ ಓದೋವಾಗ್ಲೇ ಹೊಳೆದಿದ್ದು. ಆ ಹತ್ತು ಪುಟ ತೆಗೆದ್ಬಿಟ್ರೆ ಕೀಲಿ ಬರೀ ಸ್ಟಿಕ್ಕರ್ ಆಗ್ಬಿಡುತ್ತೆ, ಅದನ್ನ ಹಾಕಿಸ್ಕೊಂಡ ಹುಡುಗ ಬೀಗ ತೆಗೆದಾಗ ನಮಗೆ ಮೈ ಜುಂ ಅನ್ನಲ್ಲ.

ಪ್ರಶ್ನೆ: ಅರ್ಬನ್ ಫ್ಯಾಂಟಸಿ ಅಂದ್ರೆ ಹಳೇ ಮಾಟ ಮಂತ್ರದ ಕಥೆನ ಸಿಟಿಗೆ ತಂದಿಟ್ಟಿದ್ದು ಅಷ್ಟೇ ಅಲ್ವಾ?

ಅಷ್ಟೇ ಆಗಿದ್ರೆ ನಾನೂ ಓದ್ತಿರ್ಲಿಲ್ಲ. ಸಿಟಿನೇ ಕಥೆಗೆ ಕೆಲಸ ಮಾಡ್ಬೇಕು. ಇಲ್ಲಿ ಬಾಡಿಗೆ ಕಟ್ಟೋಕಾಗದೇ ಒಬ್ಬ ನೆನಪು ಮಾರ್ಕೊಳ್ತಾನಲ್ಲ, ಅದು ಕಾಡಿನ ಕಥೇಲಿ ನಡೆಯಲ್ಲ.

ಪ್ರಶ್ನೆ: ಹಚ್ಚೆಗೆ ಶಕ್ತಿ ಇರುತ್ತೆ ಅನ್ನೋದು ಲೇಖಕಿ ಸ್ವಂತ ಕಲ್ಪನೆನಾ?

ಅಲ್ಲ, ಬಹಳ ಹಳೇದು. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕಿದ ಓಟ್ಸಿ ಅನ್ನೋ ಐದು ಸಾವಿರ ವರ್ಷಕ್ಕೂ ಹಳೇ ದೇಹದ ಮೇಲೆ 61 ಹಚ್ಚೆ ಇವೆ, ಎಲ್ಲಾ ಬರೀ ಗೆರೆ ಮತ್ತೆ ಕೂಡಿಸೋ ಚಿಹ್ನೆ ಥರದ ಗುರುತು, ಅದ್ರಲ್ಲಿ ಬಹಳಷ್ಟು ಸೊಂಟ, ಮಂಡಿ, ಪಾದದ ಗಂಟಿನ ಹತ್ರ, ಅಂದ್ರೆ ಅವನಿಗೆ ಕೀಲು ಸವೆದಿದ್ದ ಕಡೆ. ನೋವು ಕಮ್ಮಿ ಆಗ್ಲಿ ಅಂತ ಹಾಕಿಸ್ಕೊಂಡಿರ್ಬಹುದು ಅಂತ ಅದನ್ನ ಅಧ್ಯಯನ ಮಾಡಿದೋರು ಹೇಳ್ತಾರೆ. ಥಾಯ್ಲೆಂಡಿನ ಸಾಕ್ ಯಂತ್ ಅನ್ನೋ ಮಂತ್ರದ ಹಚ್ಚೆ ಪದ್ಧತೀಲಂತೂ ಹಚ್ಚೆ ಜೊತೆಗೇ ನಿಯಮಗಳನ್ನೂ ಕೊಡ್ತಾರೆ, ಸುಳ್ಳು ಹೇಳಬಾರ್ದು, ಕದೀಬಾರ್ದು ಅಂತ, ಮುರಿದ್ರೆ ಶಕ್ತಿ ಹೋಗುತ್ತೆ ಅನ್ನೋದು ನಂಬಿಕೆ. ಕಾದಂಬರಿಯ ನಿಯಮಕ್ಕೂ ಇದಕ್ಕೂ ಎಷ್ಟು ಹತ್ರದ ನಂಟಿದೆ ನೋಡಿ.

ಆದ್ರೆ ಇಲ್ಲೇ ನನಗೆ ಬೇಜಾರಾಗಿರೋ ಒಂದು ವಿಷ್ಯಾನೂ ಹೇಳ್ಬೇಕು. ಖಳನಾಯಕನ ಸೊಂಟದಿಂದ ಮಂಡಿವರೆಗೆ ಇರೋ ಹಚ್ಚೆ ನೇರವಾಗಿ ಪೆಸಿಫಿಕ್ ಸಾಗರದ ಸಮೋವಾ ದ್ವೀಪದ ಪೆಆ, ಅಲ್ಲಿನ ಗಂಡಸರ ಸಾಂಪ್ರದಾಯಿಕ ಹಚ್ಚೆ. ಅದನ್ನ ಹಲ್ಲಿರೋ ಉಪಕರಣ ಇಟ್ಟು ಕೋಲಲ್ಲಿ ತಟ್ಟಿ ತಟ್ಟಿ ದಿನಗಟ್ಟಲೆ ಹಾಕ್ತಾರೆ, ಅರ್ಧಕ್ಕೆ ಎದ್ದು ಹೋದೋನಿಗೆ ಜೀವನ ಪೂರ್ತಿ ಅವಮಾನ, ಟ್ಯಾಟೂ ಅನ್ನೋ ಮಾತೇ ಆ ಕಡೆಯ ತಟಾವ್ ಅನ್ನೋದ್ರಿಂದ ಬಂದಿದ್ದು. ಅಂಥದನ್ನ ಬರೀ ಹೆದರ್ಸೋ ವೇಷದ ಹಾಗೆ ಬಳಸಿದ್ದು, ಅದೂ ಕೆಟ್ಟೋನ ಮೈಮೇಲೆ, ನನಗೆ ಸರಿ ಅನ್ನಿಸ್ಲಿಲ್ಲ. ಬೇರೆ ಕಡೆ ಒಂದೊಂದು ಗೆರೆಗೂ ಬೆಲೆ ಕೊಟ್ಟ ಲೇಖಕಿ ಇಲ್ಲಿ ಯಾಕೆ ಹೀಗೆ ಮಾಡಿದ್ರೋ.

ಪ್ರಶ್ನೆ: ಎಲ್ಲಾ ನೆನಪು ಹೋಗೋ ಮುಂಚೆ ಆ ಹುಡುಗ ಲೇಸರ್ ಮಾಡಿಸ್ಕೊಂಡು ಹಚ್ಚೆ ತೆಗೆಸಿದ್ರೆ ಕಥೆ ಮುಗೀತಿತ್ತಲ್ಲ?

ಲೇಸರ್ ಇಂಕನ್ನ ಒರೆಸಲ್ಲ, ಒಡೆಯುತ್ತೆ. ಪುಡಿಯಾಗಿದ್ದನ್ನ ದೇಹಾನೇ ಸ್ವಲ್ಪ ಸ್ವಲ್ಪ ಸಾಗಿಸ್ಬೇಕು, ಹಾಗಾಗಿ ವಾರಗಟ್ಟಲೆ ಬಿಟ್ಟು ಬಿಟ್ಟು ಎಷ್ಟೋ ಸಲ ಮಾಡಿಸ್ಬೇಕಾಗುತ್ತೆ, ಕಪ್ಪು ಬೇಗ ಹೋಗುತ್ತೆ, ಹಳದಿ ಹಸಿರು ಸತಾಯಿಸ್ತವೆ. ಮತ್ತೆ ಪುಸ್ತಕದಲ್ಲೇ ಇದಕ್ಕೆ ಉತ್ತರ ಇದೆ, ಏಳನೇ ಅಧ್ಯಾಯದ ಅಜ್ಜನ್ನ ಮರ್ತ್ರಾ? ಅರ್ಧ ಲೇಸರ್ ಮಾಡಿಸಿ ಬಿಟ್ಟ ಅವರ ಕೀಲಿ ಬಾಗಿಲು ತೆಗೆಯುತ್ತೆ, ಆದ್ರೆ ಅವರು ತೆಗೆದ ಬಾಗಿಲು ಮತ್ತೆ ಮುಚ್ಚಲ್ಲ. ಸ್ವಂತ ಮನೇದೂ ಸೇರಿ.

ಪ್ರಶ್ನೆ: ಕೊನೇಲಿ ನಾಯಕಿ ಇಂಕೇ ಇಲ್ಲದ ಸೂಜಿ ತಗೊಂಡು ತನ್ನ ಕೈಗೇ ಕೀಲಿ ಹಾಕ್ಕೊಳ್ತಾಳೆ, ಪುಸ್ತಕ ಮುಗಿಯುತ್ತೆ. ಇದು ಓದುಗರಿಗೆ ಮೋಸ ಅಲ್ವಾ?

ಈ ಪ್ರಶ್ನೆ ಕೇಳಿದೋರೇ ಜಾಸ್ತಿ. ನನಗೂ ಮೊದಲ ಸಲ ಪುಟ ಹರಿದು ಹೋಗಿದ್ಯಾ ಅನ್ನಿಸಿ ಹಿಂದೆ ಮುಂದೆ ತಿರುಗಿಸಿ ನೋಡಿದೆ. ಎರಡನೇ ಸಲ ಓದಿದಾಗ ಬೇರೆ ಥರ ಕಾಣ್ತು. ಇಡೀ ಪುಸ್ತಕದಲ್ಲಿ ಅವಳು ಎಲ್ಲರಿಗೂ ಮಾಯದೇ ಇರೋ ಗಾಯ ಮಾಡ್ತಾ ಬಂದಿದಾಳೆ, ಒಬ್ಬೊಬ್ಬರ ನೆನಪು ಹೋಗೋದನ್ನ ಎದುರಿಗೆ ಕೂತು ನೋಡಿದಾಳೆ. ಇಂಕಿಲ್ಲದ ಕೀಲಿ ಎರಡು ವಾರಕ್ಕೆ ಮಾಯುತ್ತೆ, ಗುರುತು ಉಳಿಯಲ್ಲ, ಅದ್ರಿಂದ ಯಾವ ಬಾಗಿಲೂ ತೆಗೆಯಲ್ಲ. ಆ ನೋವನ್ನ ಒಂದ್ಸಲ ತಾನೂ ಅನುಭವಿಸ್ಬೇಕು, ಪ್ರತಿಯಾಗಿ ಏನೂ ಸಿಗಬಾರ್ದು ಅಂತ ಅವಳು ಕೂರ್ತಾಳೆ. ಕೊನೆ ಸಾಲಲ್ಲಿ ಅವಳು ಟಿಶ್ಯೂ ತಗೊಂಡು ಒರೆಸ್ತಾಳೆ, ಅದ್ರಲ್ಲಿ ಕಪ್ಪಿಲ್ಲ, ಬರೀ ಕೆಂಪು. ನನಗೆ ಅಷ್ಟು ಸಾಕಾಯ್ತು, ನಿಮಗೆ ಸಾಲ್ಲಿಲ್ಲ ಅಂದ್ರೆ ನಾನು ಜಗಳ ಆಡಲ್ಲ.

ಪ್ರಶ್ನೆ: ಹದಿನೈದು ವರ್ಷದ ನನ್ನ ಮಗಳು ಇದನ್ನ ಓದಿ ಅಂಗೈಲಿ ಕೀಲಿ ಹಾಕಿಸ್ಕೊಳ್ತೀನಿ ಅಂತ ಹಟ ಹಿಡಿದಿದಾಳೆ. ಪುಸ್ತಕ ಕಿತ್ಕೊಳ್ಳಲಾ?

ದಯವಿಟ್ಟು ಬೇಡ, ಪುಸ್ತಕ ಅವಳ ಹತ್ರಾನೇ ಇರ್ಲಿ. ಹಚ್ಚೆಗೆ ಮಾತ್ರ ಈಗ್ಲೇ ಹೂಂ ಅನ್ಬೇಡಿ, ಎಷ್ಟೋ ದೇಶಗಳಲ್ಲಿ 18 ತುಂಬದೇ ಹಾಕೋ ಹಾಗೇ ಇಲ್ಲ, ಸ್ವಚ್ಛ ಇಲ್ಲದ ಸೂಜಿಯಿಂದ ಹೆಪಟೈಟಿಸ್ ಥರದ ರೋಗ ರಕ್ತದಿಂದ ರಕ್ತಕ್ಕೆ ಬರ್ಬಹುದು, ಇದನ್ನ ಬೈದು ಹೇಳೋ ಬದಲು ಪಕ್ಕ ಕೂರಿಸ್ಕೊಂಡು ಹೇಳಿ. ಇನ್ನೊಂದು ವಿಷ್ಯ, ಅಂಗೈ ಚರ್ಮ ದಪ್ಪ, ಬೇಗ ಸವೆಯುತ್ತೆ, ನಿಜ ಜೀವನದಲ್ಲೂ ಅಲ್ಲಿ ಹಾಕಿದ ಹಚ್ಚೆ ಬಹಳ ಬೇಗ ಮಾಸುತ್ತೆ, ಲೇಖಕಿ ಕೀಲಿಗೆ ಆ ಜಾಗಾನೇ ಆರಿಸಿದ್ದು ಯಾಕೆ ಅಂತ ಅವಳನ್ನೇ ಕೇಳಿ ನೋಡಿ. ಆಮೇಲೆ ಒಂದು ತಿಂಗಳು ದಿನಾ ಪೆನ್ನಲ್ಲಿ ಅದೇ ಜಾಗದಲ್ಲಿ ಅದೇ ಕೀಲಿ ಬರ್ಕೊಳ್ಳೋಕೆ ಹೇಳಿ, ಮೂವತ್ತನೇ ದಿನ ಅವಳು ಏನಂದ್ಳು ಅಂತ ನನಗೆ ಬರೀರಿ, ಅವಳೇ ಬರೆದ್ರೆ ಇನ್ನೂ ಸಂತೋಷ.