ನಾಣ್ಯದ ಅಂಚಿನಲ್ಲಿ ಗೀರುಗಳೇಕೆ?

ಪ್ರಶ್ನೆ: ಕೆಲವು ನಾಣ್ಯಗಳ ಅಂಚಿನ ಸುತ್ತ ಸಣ್ಣ ಗೀರುಗಳಿರುತ್ತವೆ, ಕೆಲವು ನುಣುಪಾಗಿರುತ್ತವೆ. ಕೈಯಿಂದ ಜಾರದಿರಲಿ ಎಂದು ಹೀಗೆ ಮಾಡುತ್ತಾರೆಯೇ?

ಉತ್ತರ: ಗೀರು ಹುಟ್ಟಿದ್ದು ಕಳ್ಳತನ ತಡೆಯಲು. ಚಿನ್ನ, ಬೆಳ್ಳಿಯ ನಾಣ್ಯಗಳ ಕಾಲದಲ್ಲಿ ನಾಣ್ಯದ ಬೆಲೆಯೆಂದರೆ ಅದರ ಲೋಹದ ಬೆಲೆ. ಅಂಚನ್ನು ತುಸು ಕತ್ತರಿಸಿಯೋ ಅರದಿಂದ ಉಜ್ಜಿಯೋ ಬೆಳ್ಳಿ ತೆಗೆದಿಟ್ಟುಕೊಂಡು, ಸವೆದ ನಾಣ್ಯವನ್ನು ಪೂರ್ತಿ ಬೆಲೆಗೇ ದಾಟಿಸುವವರಿದ್ದರು. ಸುತ್ತಿಗೆಯಿಂದ ಬಡಿದು ಮಾಡಿದ ನಾಣ್ಯ ಮೊದಲೇ ಸೊಟ್ಟಗಿರುತ್ತಿತ್ತು. ಇನ್ನಷ್ಟು ಕತ್ತರಿಸಿದರೆ ಗುರುತು ಹಿಡಿಯುವವರು ಯಾರು? ಇಂಗ್ಲೆಂಡಿನಲ್ಲಿ ಇದು ರಾಜದ್ರೋಹ, ಮರಣದಂಡನೆಯ ಅಪರಾಧ. ಆದರೂ ನಿಲ್ಲಲಿಲ್ಲ.

1660ರ ದಶಕದಲ್ಲಿ ಅಲ್ಲಿ ಯಂತ್ರದಿಂದ ದುಂಡಗೆ ಟಂಕಿಸಿ, ಅಂಚಿಗೆ ಗೀರು ಅಥವಾ ಅಕ್ಷರ ಮೂಡಿಸಿದ ನಾಣ್ಯಗಳು ಬಂದವು. ಅಂಚು ಮುಟ್ಟಿದರೆ ಗೀರು ಅಳಿಸುತ್ತದೆ, ಮೋಸ ಕಣ್ಣಿಗೇ ಕಾಣುತ್ತದೆ. ಶಿಕ್ಷೆಯ ಭಯ ಮಾಡಲಾಗದ್ದನ್ನು ಈ ಪುಟ್ಟ ಉಪಾಯ ಮಾಡಿತು ಎಂಬುದು ನನಗೆ ಇಂದಿಗೂ ಬೆರಗು. ಹಳೆಯ ಬೆಳ್ಳಿ ನಾಣ್ಯಗಳನ್ನು ಹಿಂಪಡೆದು ಕರಗಿಸುವ ಕೆಲಸ 1696ರಲ್ಲಿ ಶುರುವಾಯಿತು. ಅದೇ ವರ್ಷ ಟಂಕಸಾಲೆಗೆ ವಾರ್ಡನ್, ಅಂದರೆ ಮೇಲ್ವಿಚಾರಕರಾಗಿ ಬಂದವರು ಐಸಾಕ್ ನ್ಯೂಟನ್. ಗೀರು ಅವರದೇ ಆವಿಷ್ಕಾರ ಎಂದು ಹಲವರು ಬರೆಯುತ್ತಾರೆ. ಅದು ತಪ್ಪು, ಅವರು ಬರುವ 30 ವರ್ಷ ಮೊದಲೇ ಅದು ಬಳಕೆಯಲ್ಲಿತ್ತು.

ನುಣುಪು ಅಂಚಿಗೂ ಉತ್ತರ ಇಲ್ಲೇ ಇದೆ. ಅಮೆರಿಕದಲ್ಲಿ ಹಿಂದೆ ಬೆಳ್ಳಿಯದಾಗಿದ್ದ ಡೈಮ್ (10 ಸೆಂಟ್) ನಾಣ್ಯಕ್ಕೆ ಈಗಲೂ 118 ಗೀರುಗಳಿವೆ. ಕಡಿಮೆ ಬೆಲೆಯ ಲೋಹದ ಸೆಂಟ್ ಮತ್ತು ನಿಕಲ್ (5 ಸೆಂಟ್) ನಾಣ್ಯಗಳ ಅಂಚು ನುಣುಪು, ಏಕೆಂದರೆ ಕೆರೆದರೂ ಸಿಗುವುದು ಏನೂ ಇಲ್ಲ. ಈಗ ಬೆಳ್ಳಿ ಹೋಗಿದೆ, ಗೀರು ಉಳಿದಿದೆ. ದೃಷ್ಟಿ ಇಲ್ಲದವರು ನಾಣ್ಯವನ್ನು ಬೆರಳಿನಿಂದಲೇ ಗುರುತಿಸಲು ಅದು ನೆರವಾಗುತ್ತದೆ.

ಪ್ರಶ್ನೆ: ಕೀಬೋರ್ಡಿನ ಎಫ್ ಮತ್ತು ಜೆ ಕೀಲಿಗಳ ಮೇಲಿನ ಉಬ್ಬು ಗೆರೆ ಏತಕ್ಕೆ?

ಉತ್ತರ: ನೋಡದೆ ಟೈಪ್ ಮಾಡುವವರ ತೋರುಬೆರಳುಗಳು ಅಲ್ಲಿ ನಿಲ್ಲಬೇಕು. ಉಳಿದ ಬೆರಳುಗಳು ತಾವಾಗಿಯೇ ಜಾಗ ಹಿಡಿಯುತ್ತವೆ.

ಪ್ರಶ್ನೆ: ಪೆನ್ನಿನ ಮುಚ್ಚಳದ ತುದಿಯಲ್ಲಿ ತೂತೇಕೆ? ಶಾಯಿ ಒಣಗದಿರಲಿ ಎಂದೇ?

ಉತ್ತರ: ಅದು ಉಸಿರಿಗಾಗಿ. ಮುಚ್ಚಳ ಕಚ್ಚುವ ಮಕ್ಕಳು ಆಯತಪ್ಪಿ ಅದನ್ನು ಒಳಕ್ಕೆಳೆದುಕೊಂಡರೆ ಶ್ವಾಸನಾಳ ಮುಚ್ಚಿಹೋಗುತ್ತದೆ. ತೂತಿದ್ದರೆ ಸ್ವಲ್ಪವಾದರೂ ಗಾಳಿ ಆಡುತ್ತದೆ. ಐಎಸ್ಒ 11540 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಇದಕ್ಕಿದೆ. ಆದರೆ ದಯವಿಟ್ಟು ತೂತನ್ನು ನಂಬಿ ನಿಶ್ಚಿಂತರಾಗಬೇಡಿ. ಅದು ಅಪಾಯ ತಪ್ಪಿಸುವುದಿಲ್ಲ, ಆಸ್ಪತ್ರೆ ಮುಟ್ಟುವಷ್ಟು ಸಮಯ ಕೊಡಬಹುದು, ಅಷ್ಟೇ. ಮುಚ್ಚಳ ಒಳಗೆ ಹೋಗಿದೆ ಎಂಬ ಅನುಮಾನವಿದ್ದರೆ, ಮಗು ಸರಾಗವಾಗಿ ಉಸಿರಾಡುತ್ತಿದ್ದರೂ ತಕ್ಷಣ ವೈದ್ಯರ ಬಳಿಗೆ ಕರೆದೊಯ್ಯಿರಿ.